ಏಳು ರಾತ್ರಿ, ಇಪ್ಪತ್ತೈದು ಮೈಲಿ

ಬೆಂಗಳೂರಿಗೂ ಸಿಂಗಪುರಕ್ಕೂ ನಡುವಣ ಅಂತರ ಆಕಾಶಮಾರ್ಗದಲ್ಲಿ ಸುಮಾರು 3,200 ಕಿಲೋಮೀಟರು. ವಿಮಾನವು ಅಲ್ಲಿಯ ನೆಲವನ್ನು ಬಿಟ್ಟು ಇಲ್ಲಿಯ ನೆಲವನ್ನು ಮುಟ್ಟುವುದಕ್ಕೆ ಹಿಡಿಯುವ ಕಾಲ ನಾಲ್ಕೂವರೆ ಗಂಟೆ. ದೇವನಹಳ್ಳಿಯ ವಿಮಾನನಿಲ್ದಾಣದಿಂದ ತುಮಕೂರು, ತಿಪಟೂರು, ಅರಸೀಕೆರೆ, ಬಾಣಾವರ, ಜಾವಗಲ್ಲುಗಳ ಮೇಲೆ ಹಳೇಬೀಡಿಗೆ ಬರಲು ಕಾರು ತೆಗೆದುಕೊಳ್ಳುವ ಕಾಲವೂ, ತಿಪಟೂರಿನಲ್ಲಿ ಕಾಫಿಗೆಂದು ನಿಂತುದನ್ನು ಸೇರಿಸಿಕೊಂಡರೆ, ಹೆಚ್ಚು ಕಡಮೆ ಅಷ್ಟೇ. ಆ ದಾರಿಯ ಉದ್ದವಾದರೋ ಇನ್ನೂರ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಈ ಲೆಕ್ಕ ನನ್ನದಲ್ಲ, ಬೇರೊಬ್ಬಳದು. ಸಿಂಗಪುರದಲ್ಲಿ ನೆಲೆಸಿರುವ ನನ್ನ ಮಗಳು ಹೋದ ಚಳಿಗಾಲದಲ್ಲಿ ತನ್ನ ಮಗಳನ್ನು ಕರೆದುಕೊಂಡು ಬಂದಿದ್ದಾಗ, ಹೊಯ್ಸಳೇಶ್ವರನ ಮುಂದಣ ಹುಲ್ಲುಹಾಸಿನ ಮೇಲೆ ಕುಳಿತು ಆ ಹುಡುಗಿ, "ತಾತ, ಸಮುದ್ರ ದಾಟೋಕೆ ಎಷ್ಟು ಹೊತ್ತಾಯ್ತೋ ಅಷ್ಟೇ ಹೊತ್ತು ನಿಮ್ಮೂರಿಗೆ ಬರೋಕೂ ಆಯ್ತು" ಎಂದಳು. ಅವಳದು ದೂರಾಗಿರಲಿಲ್ಲ, ಬರಿಯ ಆಶ್ಚರ್ಯ. ಆದರೆ ಆ ಒಂದು ಮಾತು ನನ್ನನ್ನು ಎಪ್ಪತ್ತು ವರ್ಷಗಳಷ್ಟು ಹಿಂದಕ್ಕೆ, ಇದೇ ಎರಡು ಊರುಗಳ ನಡುವೆ ಬೇರೊಂದು ವಿಧದಲ್ಲಿ ಪ್ರಯಾಣ ಮಾಡಿದವರ ಬಳಿಗೆ, ಮತ್ತು ಇದೇ ದಾರಿಯ ಕೊನೆಯ ಇಪ್ಪತ್ತೈದು ಮೈಲಿಗಳನ್ನು ದಾಟುವುದಕ್ಕೆ ವರುಷಗಟ್ಟಲೆ ಕಾದ ಒಬ್ಬಳ ಬಳಿಗೆ ಕರೆದೊಯ್ದಿತು.

ನನ್ನ ಬಾಲ್ಯ ಕಳೆದದ್ದು ಅರಸೀಕೆರೆಯ ರೈಲ್ವೆ ವಸತಿಗಳ ಸಾಲಿನಲ್ಲಿ. ತಂದೆಯವರು ಅಲ್ಲಿಯ ಪಾರ್ಸಲ್ ಕಛೇರಿಯಲ್ಲಿ ಗುಮಾಸ್ತರು. ಬೆಂಗಳೂರಿನಿಂದ ಹರಿಹರದತ್ತ ಹೋಗುವ ಕಂಬಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಊರಿನ ಪಕ್ಕದಿಂದ ಹಾದುಹೋಗಿತ್ತು. ಮೈಸೂರಿನಿಂದ ಹಾಸನದ ಮೇಲೆ ಬರುವ ಕವಲು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಬಂದು ಸೇರಿಕೊಂಡ ಮೇಲೆ ಅರಸೀಕೆರೆ ಜಂಕ್ಷನ್ ಆಯಿತು. ಜಂಕ್ಷನ್ ಆದುದರ ಅರ್ಥವೇನೆಂದರೆ, ಅಲ್ಲಿ ಇಳಿಯುವವರಲ್ಲಿ ಬಹುಮಂದಿಗೆ ಅರಸೀಕೆರೆಯಲ್ಲಿ ಏನೂ ಕೆಲಸವಿರುತ್ತಿರಲಿಲ್ಲ. ಅವರು ಇನ್ನೊಂದು ಗಾಡಿಗಾಗಿ ಕಾಯುವುದಕ್ಕೆಂದೇ ಅಲ್ಲಿ ಇಳಿಯುತ್ತಿದ್ದರು. ಕೊಬ್ಬರಿ ಮೂಟೆಗಳ ಮೇಲೆ ಒರಗಿ ನಿದ್ರಿಸುವ ವರ್ತಕರು, ಟ್ರಂಕಿನ ಮೇಲೆ ಮಗುವನ್ನು ಮಲಗಿಸಿ ಸೆರಗಿನಿಂದ ಗಾಳಿ ಹಾಕುವ ತಾಯಂದಿರು, ಮದುವೆಯ ದಿಬ್ಬಣದಿಂದ ಹಿಂದೆ ಉಳಿದುಹೋಗಿ ಪೇಚಾಡುವ ಮುದುಕರು, ಇವರೆಲ್ಲರೂ ಆ ಮುಸಾಫಿರಖಾನೆಯಲ್ಲಿ ನನಗೆ ನಿತ್ಯದ ನೋಟ. ಕೈಮರ ಬೀಳುವ ಸದ್ದು, ಇಂಜಿನ್ನಿಗೆ ನೀರು ತುಂಬುವ ಸದ್ದು, ಮೀಟರ್ ಗೇಜಿನ ಸಣ್ಣ ಡಬ್ಬಿಗಳನ್ನು ಒಂದಕ್ಕೊಂದು ಕೊಂಡಿ ಹಾಕುವಾಗ ಆಗುವ ಸದ್ದು, ಇವುಗಳಿಂದಲೇ ನಮ್ಮ ಮನೆಯಲ್ಲಿ ಹೊತ್ತನ್ನು ತಿಳಿಯುತ್ತಿದ್ದೆವು. ಬೆಂಗಳೂರಿಗೆ ಹೋಗುವವರು ಬೆಳಗ್ಗೆ ಹೊರಟರೆ ಮಧ್ಯಾಹ್ನ ಇಳಿಮುಖವಾಗುವ ಹೊತ್ತಿಗೆ ಮುಟ್ಟುತ್ತಿದ್ದರು. 1990ರ ದಶಕದಲ್ಲಿ ಬ್ರಾಡ್ ಗೇಜ್ ಬಂದ ತರುವಾಯ ಅದೇ ದಾರಿಯನ್ನು ವೇಗದ ಗಾಡಿಗಳು ಈಗ ಎರಡು, ಎರಡೂವರೆ ಗಂಟೆಗಳಲ್ಲಿ ಮುಗಿಸುತ್ತವೆ.

ಆ ಕಾಯುವಿಕೆಯ ಬಗ್ಗೆ ಈಗ ಬರೆಯಹೊರಟರೆ ಲೇಖನಿ ತಾನಾಗಿ ಸಿಹಿಯ ಕಡೆಗೆ ಒಲಿಯುತ್ತದೆ. ಅದಕ್ಕೆ ಕಾರಣವಿಲ್ಲದೆ ಇಲ್ಲ. ಒಂದು ಗಾಡಿಗೂ ಇನ್ನೊಂದು ಗಾಡಿಗೂ ನಡುವೆ ದೊರೆಯುವ ಮೂರು ನಾಲ್ಕು ಗಂಟೆಗಳಲ್ಲಿ ಅಪರಿಚಿತರು ಬುತ್ತಿಯನ್ನು ಹಂಚಿಕೊಳ್ಳುತ್ತಿದ್ದುದನ್ನೂ, ಸಂಬಂಧಗಳು ಕುದುರುತ್ತಿದ್ದುದನ್ನೂ, ಬಿಡುವಿದ್ದವರು ಊರೊಳಗೆ ನಡೆದುಹೋಗಿ ಹೊಯ್ಸಳರ ಕಾಲದ ಈಶ್ವರನ ಗುಡಿಯ ಆ ನಕ್ಷತ್ರಾಕೃತಿಯ ಮುಖಮಂಟಪದ ತಣ್ಣೆಳಲಿನಲ್ಲಿ ಸ್ವಲ್ಪ ಹೊತ್ತು ಕುಳಿತು ಬರುತ್ತಿದ್ದುದನ್ನೂ ನಾನು ಕಂಡವನು. ಆದರೆ ಆ ಸಿಹಿಯನ್ನು ಸವಿದವರು ಯಾರು ಎಂದು ಕೇಳಿಕೊಂಡರೆ, ಗುಡಿಯವರೆಗೆ ನಡೆದುಹೋಗಿ ಬರುತ್ತಿದ್ದವರು ಗಂಡಸರು. ಸಾಮಾನು ಕಾಯುತ್ತ ಕುಳಿತಿರುತ್ತಿದ್ದವರು ಹೆಂಗಸರು. ಈ ಭೇದ ಅಂದು ನನ್ನ ಕಣ್ಣಿಗೆ ಬೀಳಲಿಲ್ಲ. ಯಾರ ಕಣ್ಣಿಗೂ ಬಿದ್ದಂತೆ ತೋರಲಿಲ್ಲ.

ನನ್ನ ತಾಯಿಯ ತವರು ಹಳೇಬೀಡು. ಅರಸೀಕೆರೆಗೂ ಹಳೇಬೀಡಿಗೂ ಅಂದಿನ ಲೆಕ್ಕದಲ್ಲಿ ಇಪ್ಪತ್ತೈದು ಮೈಲಿ. ಬಾಣಾವರದವರೆಗೆ ಬೇಕಾದರೆ ರೈಲು; ಅಲ್ಲಿಂದಾಚೆಗೆ ಜಾವಗಲ್ಲಿನ ಮೇಲೆ ಸರ್ವಿಸ್ ಬಸ್ಸು. ದಾರಿಯುದ್ದಕ್ಕೂ ತೆಂಗಿನ ತೋಟ, ರಾಗಿಯ ಹೊಲ, ಕೆರೆಯ ಏರಿ. ಜಾವಗಲ್ಲು ದಾಟಿದ ಮೇಲೆ ಮಲೆನಾಡಿನ ಗಾಳಿಯ ಮೊದಲ ತಂಪು. ಬೆಳಗಿನ ಬಸ್ಸನ್ನು ಹಿಡಿದರೆ ಮಧ್ಯಾಹ್ನದ ಊಟಕ್ಕೆ ಅಜ್ಜಿಯ ಮನೆ. ಇಷ್ಟು ಹತ್ತಿರದ ತವರಿಗೆ ನನ್ನ ತಾಯಿ ಹೋಗುತ್ತಿದ್ದುದು ವರುಷಕ್ಕೆ ಒಂದಾವರ್ತಿ, ಬೇಲೂರಿನ ಚೆನ್ನಕೇಶವನ ಚೈತ್ರಮಾಸದ ರಥೋತ್ಸವದ ನೆಪದಲ್ಲಿ. ಮನೆಯಲ್ಲಿ ಯಾರಾದರೂ ಬಾಣಂತಿಯಾಗಿದ್ದರೆ, ಯಾರಾದರೂ ಹಾಸಿಗೆ ಹಿಡಿದಿದ್ದರೆ, ಅದೂ ಇಲ್ಲ. ಹೊರಡುವುದಕ್ಕೆ ಮೊದಲು ನಮ್ಮ ಅಜ್ಜಿಯ, ಎಂದರೆ ತಂದೆಯ ತಾಯಿಯ, ಅಪ್ಪಣೆಯಾಗಬೇಕು. ಆ ಅಪ್ಪಣೆಯನ್ನು ತಂದೆಯವರು ಕೇಳಬೇಕು. ತಂದೆಯವರು ಕೇಳುವಂತೆ ಮಾಡುವುದಕ್ಕೆ ತಾಯಿ ವಾರಗಟ್ಟಲೆ ಸಮಯ ನೋಡುತ್ತಿರಬೇಕು. ನಮ್ಮ ಮನೆಯಲ್ಲಿ ಕ್ರೂರಿಗಳಾರೂ ಇರಲಿಲ್ಲ. ತಂದೆಯವರು ಸಾಧುಗಳು, ಎಂದೂ ಕೈಯೆತ್ತಿದವರಲ್ಲ; ಅಜ್ಜಿ ಮೃದುವಾಗಿಯೇ ಮಾತನಾಡುತ್ತಿದ್ದಳು. ಕಟ್ಟಳೆಯೊಂದು ಮನೆಯಲ್ಲಿ ಸರಿಯಾಗಿ ನೆಲೆಗೊಂಡಿದ್ದರೆ ಅದನ್ನು ನಡೆಸುವುದಕ್ಕೆ ಗದರುವವರು ಬೇಕಾಗುವುದಿಲ್ಲವೆಂಬುದನ್ನು ನಾನು ಕಲಿತದ್ದು ಆ ಮನೆಯಲ್ಲಿ.

ತಾಯಿಗೆ ಒಬ್ಬ ಅಣ್ಣನಿದ್ದ. ಬೆಂಗಳೂರಿನಲ್ಲಿ ಬೆರಳಚ್ಚು ಕಲಿತು, ಅಲ್ಲಿಯೇ ಪರಿಚಯವಾದ ಒಬ್ಬ ತಮಿಳು ಸ್ನೇಹಿತನ ಮಾತಿನ ಮೇಲೆ ನಂಬಿಕೆಯಿಟ್ಟು, ಯುದ್ಧಕ್ಕೆ ಕೆಲವು ವರುಷ ಮುಂಚೆ ಸಿಂಗಪುರಕ್ಕೆ ಹೊರಟುಹೋದವನು. ಬಂದರಿನ ಬಳಿಯ ಒಂದು ವರ್ತಕರ ಕೋಠಿಯಲ್ಲಿ ಗುಮಾಸ್ತಗಿರಿ. ಮದರಾಸಿನಿಂದ ನಾಗಪಟ್ಟಣ, ಪಿನಾಂಗುಗಳ ಮೇಲೆ ಸಿಂಗಪುರಕ್ಕೆ ಹೋಗುತ್ತಿದ್ದ 'ರಾಜುಲಾ' ಎಂಬ ಹಡಗಿನ ಹೆಸರು ನಮ್ಮ ಮನೆಯಲ್ಲಿ ಬಂಧುಗಳ ಹೆಸರಿನಂತೆ ಬಳಕೆಯಾಗಿತ್ತು. ಆ ಹಡಗು 1926ರಿಂದ ಹೆಚ್ಚು ಕಡಮೆ ಅರ್ಧಶತಮಾನದ ಕಾಲ ಲಕ್ಷಗಟ್ಟಲೆ ಕೂಲಿಕಾರರನ್ನೂ, ಗುಮಾಸ್ತರನ್ನೂ, ಚೆಟ್ಟಿಯಾರರನ್ನೂ ಆ ತೀರಕ್ಕೂ ಈ ತೀರಕ್ಕೂ ಹೊತ್ತು ತಿರುಗಿತು. ಒಂದು ಪ್ರಯಾಣಕ್ಕೆ ವಾರದ ಕಾಲ. ಮಾವನ ಕಾಗದ ಬಂದರೆ ಅದನ್ನು ಓದಿಹೇಳುವುದಕ್ಕೆ ಹಳೇಬೀಡಿನ ಮನೆಯ ಜಗಲಿಯಲ್ಲಿ ಸಭೆಯೇ ಸೇರುತ್ತಿತ್ತಂತೆ.

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾಯಿತು. ಆ ತರುವಾಯ ಮೂರೂವರೆ ವರ್ಷ ನಮ್ಮವರಿಗೆ ಒಂದು ಅಕ್ಷರವೂ ಬರಲಿಲ್ಲ. ಅಲ್ಲಿ ಊರಿನ ಹೆಸರನ್ನೇ 'ಶೋನಾನ್' ಎಂದು ಬದಲಾಯಿಸಿದ್ದರೆಂಬುದೂ, ಟೋಕಿಯೋದ ಕಾಲವನ್ನು ಅನುಸರಿಸಬೇಕೆಂದು ಆಜ್ಞೆಮಾಡಿ ಗಡಿಯಾರಗಳನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿದ್ದರೆಂಬುದೂ, ಬಾಳೆಗಿಡದ ಚಿತ್ರವಿದ್ದ ಆಕ್ರಮಣಕಾಲದ ನೋಟುಗಳು ದಿನದಿನಕ್ಕೆ ಬೆಲೆ ಕಳೆದುಕೊಂಡು ಕೊನೆಗೆ ಬರಿಯ ಕಾಗದವಾದುವೆಂಬುದೂ ಆಮೇಲೆ ಮಾವನ ಬಾಯಿಂದ ತಿಳಿದ ಸಂಗತಿಗಳು. ಹಳೇಬೀಡಿನಲ್ಲಿ ಅಜ್ಜಿಗೆ ಇವು ಯಾವುವೂ ತಿಳಿಯದು. ಮಗನು ಬದುಕಿರುವನೆಂದು ಎಣಿಸಿ ಹಬ್ಬ ಮಾಡುವುದೋ, ಇಲ್ಲವೆಂದು ಎಣಿಸಿ ತಿಥಿ ಮಾಡುವುದೋ ಎಂಬ ಪ್ರಶ್ನೆಯನ್ನು ತಾತ ಎತ್ತಿದಾಗಲೆಲ್ಲ ಅವಳು ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದಳಂತೆ. ನಾನು ಹುಟ್ಟಿದ್ದು ಆ ವರುಷಗಳಲ್ಲಿ. ಹೆಸರಿಡುವಾಗ ಸೋದರಮಾವನ ಪರವಾಗಿ ಬೇರೊಬ್ಬರು ಕುಳಿತರೆಂದು ತಾಯಿ ಹೇಳುತ್ತಿದ್ದಳು.

ಯುದ್ಧ ಮುಗಿದು ವರುಷ ಕಳೆದ ಮೇಲೆ ಮಾವ ಬಂದ. ಬಂದವನನ್ನು ಅಪ್ಪಿಕೊಂಡು ಅತ್ತ ಮನೆಯವರೇ ಅವನನ್ನು ಊಟದ ಪಂಕ್ತಿಗೆ ಕರೆಯಲಿಲ್ಲ. ಸಮುದ್ರೋಲ್ಲಂಘನ ಮಾಡಿದವನು, ಯುದ್ಧಕಾಲದಲ್ಲಿ ಏನು ತಿಂದನೋ ಎಲ್ಲಿ ಮಲಗಿದನೋ ತಿಳಿಯದವನು. ಪ್ರಾಯಶ್ಚಿತ್ತವಾಗದೆ ಒಳಗೆ ಸೇರಿಸಿದರೆ ಅಗ್ರಹಾರದ ಇತರರು ಏನೆಂದಾರು? ಪಂಚಗವ್ಯ ಪ್ರಾಶನವಾಗಿ, ಹೋಮವಾಗಿ, ಬ್ರಾಹ್ಮಣರಿಗೆ ದಕ್ಷಿಣೆಯಾಗುವವರೆಗೆ ಕೆಲವು ದಿನ ಅವನಿಗೆ ಜಗಲಿಯಲ್ಲಿ ಎಲೆ. ಆ ದಕ್ಷಿಣೆಯ ಹಣ ಅವನೇ ತಂದದ್ದು. ಯುದ್ಧಕ್ಕೆ ಮುಂಚೆ ಅವನು ತಿಂಗಳು ತಪ್ಪದೆ ಕಳುಹಿಸುತ್ತಿದ್ದ ಮನಿಯಾರ್ಡರಿನಿಂದ ಮನೆಯ ಹೆಂಚು ಬದಲಾಗಿತ್ತು, ಚಿಕ್ಕ ತಂಗಿಯ ಮದುವೆಯಾಗಿತ್ತು. ಅದು ಸಹ ಅದೇ ಸಮುದ್ರವನ್ನು ದಾಟಿ ಬಂದದ್ದಾದರೂ ಅದಕ್ಕೆ ಯಾರೂ ಪ್ರಾಯಶ್ಚಿತ್ತ ಮಾಡಿಸಿದ ನೆನಪು ಮನೆಯವರಿಗಿರಲಿಲ್ಲ. ಇದನ್ನು ಹೇಳುವಾಗ ಮಾವ ನಗುತ್ತಿದ್ದ, ತಾಯಿ ನಗುತ್ತಿರಲಿಲ್ಲ.

ನನಗೆ ಸ್ಪಷ್ಟವಾಗಿ ನೆನಪಿರುವುದು ಅವನ ಎರಡನೆಯ ಬರವು. ಅದು 1955ರ ಬೇಸಗೆ. ನನಗೆ ಹನ್ನೆರಡು ವರ್ಷ. ಹಡಗಿಳಿದು, ಮದರಾಸಿನಿಂದ ರಾತ್ರಿಯ ಮೆಯಿಲಿನಲ್ಲಿ ಬೆಂಗಳೂರಿಗೆ ಬಂದು, ಬೆಂಗಳೂರಿನಿಂದ ಅರಸೀಕೆರೆಗೆ ಬಂದಿಳಿದ ಮಾವನ ಕೈಯಲ್ಲಿ ಒಂದು ಚರ್ಮದ ಪೆಟ್ಟಿಗೆ, ತಲೆಯ ಮೇಲೆ ಬಿಳಿಯ ಟೋಪಿ, ಕಾಲಲ್ಲಿ ಬಟ್ಟೆಯ ಬೂಟು. ತಂದೆಯವರ ಕಛೇರಿಯ ಹಮಾಲಿಗಳು ಅವನನ್ನು ಯಾರೋ ಪರಂಗಿ ದೊರೆಯೆಂದೇ ಭಾವಿಸಿ ಪೆಟ್ಟಿಗೆಗೆ ಕೈಹಾಕಿದಾಗ ಅವನು ಹಾಸನದ ಹಳ್ಳಿಯ ಅಚ್ಚಗನ್ನಡದಲ್ಲಿ ಕೂಲಿಯನ್ನು ಚೌಕಾಶಿ ಮಾಡಿದನು. ಆ ಸಾಯಂಕಾಲ ನಮ್ಮ ಮನೆಯ ಅಡುಗೆಮನೆಯ ಹೊಸ್ತಿಲಿಗೆ ಒರಗಿ ಕುಳಿತು, ತಾಯಿ ಬಡಿಸಿದುದನ್ನು ಉಂಡು, ಅವನು ಮಾತಿಗೆ ತೊಡಗಿದ. ತಂದೆಯವರು ರಾತ್ರಿಯ ಪಾಳಿಯಲ್ಲಿದ್ದರು, ಅಜ್ಜಿ ಮಲಗಿದ್ದಳು. ತಾಯಿ ಕೇಳಿದಳು:

"ಎಷ್ಟು ದೂರ ಅಣ್ಣಯ್ಯ, ಆ ಊರು?"

"ಹಡಗಿನಲ್ಲಿ ಏಳು ರಾತ್ರಿ ಕಣಮ್ಮ."

ಅವಳು ಪಾತ್ರೆಗಳನ್ನು ಒಟ್ಟುಗೂಡಿಸುತ್ತ, ತಲೆಯೆತ್ತದೆ ಹೇಳಿದಳು: "ನಿನಗೆ ಏಳು ರಾತ್ರಿ. ನನಗೆ ಹಳೇಬೀಡು ಒಂದು ವರ್ಷ."

ಆ ಮಾತು ಹಾಸ್ಯವೆಂದು ಬಗೆದು ನಾನು ನಕ್ಕೆ. ಮಾವ ನಗಲಿಲ್ಲ. ಬೆಳಗಾದ ಮೇಲೆ ಅವನು ತಾನಾಗಿ ನಮ್ಮ ಅಜ್ಜಿಯ ಬಳಿಗೆ ಹೋಗಿ, ನಮಸ್ಕಾರ ಮಾಡಿ, ತಂಗಿಯನ್ನು ಜೊತೆಗೆ ಕರೆದುಕೊಂಡು ಹೋಗುವುದಕ್ಕೆ ಅಪ್ಪಣೆ ಬೇಡಿದನು. ಅಜ್ಜಿ, "ಧಾರಾಳವಾಗಿ ಹೋಗಿಬರಲಿ, ಈ ಹಪ್ಪಳದ ಕೆಲಸವೊಂದು ಮುಗಿದುಬಿಡಲಿ" ಎಂದಳು. ಹಪ್ಪಳದ ಕೆಲಸ ಮುಗಿಯುವುದಕ್ಕೆ ಎಂಟು ಹತ್ತು ದಿನ ಬೇಕೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಕೊನೆಗೆ ಮಾವನ ಜೊತೆಯಲ್ಲಿ ಹೊರಟವನು ನಾನು.

ಆ ಪ್ರಯಾಣದ ಸುಖವನ್ನು ನಾನು ಅಲ್ಲಗಳೆಯಲಾರೆ. ಬಸ್ಸಿನ ಮೇಲ್ಗಡೆ ಬಾಳೆಗೊನೆ, ಕೋಳಿಯ ಬುಟ್ಟಿ, ನಮ್ಮ ಚರ್ಮದ ಪೆಟ್ಟಿಗೆ. ಒಳಗೆ ಬೀಡಿಯ ಹೊಗೆ, ಹಸಿ ಕೊತ್ತಂಬರಿಯ ವಾಸನೆ. ಜಾವಗಲ್ಲಿನಲ್ಲಿ ಡ್ರೈವರು ಇಳಿದು ಕಾಫಿ ಕುಡಿದು, ಯಾರದೋ ಮಗಳ ನಿಶ್ಚಿತಾರ್ಥದ ಮಾತುಕತೆಯಲ್ಲಿ ಮಧ್ಯಸ್ಥಿಕೆ ವಹಿಸಿ, ತಿರುಗಿ ಬಂದು ಇಂಜಿನ್ನಿನ ಹಿಡಿಯನ್ನು ತಿರುಗಿಸುವವರೆಗೆ ಯಾರಿಗೂ ಅವಸರವಿರಲಿಲ್ಲ. ಮಾವ ಪ್ರತಿಯೊಂದು ಹಳ್ಳಿಯ ಹೆಸರನ್ನೂ ಮೊದಲೇ ಹೇಳಿ, ಬಸ್ಸು ಅದನ್ನು ಮುಟ್ಟಿದಾಗ ತಾನು ಹೇಳಿದುದು ಸರಿಯಾಯಿತೆಂದು ಹಿಗ್ಗುತ್ತಿದ್ದ. ದೂರದಲ್ಲಿದ್ದವನಿಗೆ ದಾರಿ ಮರೆತಿಲ್ಲವೆಂಬುದನ್ನು ತನಗೆ ತಾನೇ ಪ್ರಮಾಣೀಕರಿಸಿಕೊಳ್ಳುವ ಅಗತ್ಯ ಎಷ್ಟಿರುತ್ತದೆಂಬುದು, ನನ್ನ ಮಗಳು ಹೋದ ಚಳಿಗಾಲದಲ್ಲಿ ಅದೇ ಹೆಸರುಗಳನ್ನು ಅದೇ ಕ್ರಮದಲ್ಲಿ ತನ್ನ ಮಗಳಿಗೆ ಹೇಳುತ್ತ ಬಂದಾಗ ನನಗೆ ಹೊಳೆಯಿತು.

ಹಳೇಬೀಡಿನಲ್ಲಿ ಸಾಯಂಕಾಲಗಳಲ್ಲಿ ಅವನು ನನ್ನನ್ನು ದೋರಸಮುದ್ರದ ಕೆರೆಯ ಏರಿಯ ಮೇಲೆ ಕರೆದುಕೊಂಡು ಹೋಗುತ್ತಿದ್ದ. ಚರಿತ್ರೆಯಲ್ಲಿ ಅವನಿಗೆ ಆಸ್ಥೆ. ಅಲಾವುದ್ದೀನನ ದಂಡನಾಯಕನಾದ ಮಲಿಕ್ ಕಾಫೂರನು 1310ರ ನವೆಂಬರಿನಲ್ಲಿ ದೆಹಲಿಯನ್ನು ಬಿಟ್ಟು, ದೇವಗಿರಿಯ ಮೇಲೆ ಹಾದು, 1311ರ ಫೆಬ್ರವರಿಯ ಕೊನೆಯಲ್ಲಿ ಈ ಕೋಟೆಯ ಮುಂದೆ ಬಂದು ನಿಂತನೆಂದೂ, ಆಗ ಹೊಯ್ಸಳರ ದೊರೆ ಮೂರನೆಯ ಬಲ್ಲಾಳನು ತೆಂಕಣ ಪಾಂಡ್ಯರ ಕಲಹದಲ್ಲಿ ಕೈಯಿಟ್ಟು ರಾಜಧಾನಿಯಿಂದ ದೂರವಿದ್ದನೆಂದೂ ಅವನು ವಿವರಿಸಿದಾಗ, ಆ ಮೂರು ತಿಂಗಳಿಗೂ ಮಿಕ್ಕ ದಾರಿಯನ್ನು ನಾನು ಬೆರಳಿನಲ್ಲಿ ಎಣಿಸಿದೆ. ಇಂದು ದೆಹಲಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಮೂರು ಗಂಟೆಗೂ ಕಡಮೆ. ದೂರವೇ ತನ್ನ ಕೋಟೆಯೆಂದು ನಂಬಿದ ರಾಜಧಾನಿಗೆ ದೂರವು ಎಷ್ಟರಮಟ್ಟಿಗೆ ರಕ್ಷಣೆಯಾದೀತು ಎಂಬುದಕ್ಕೆ ಹಳೇಬೀಡಿಗಿಂತ ಬೇರೆ ಸಾಕ್ಷಿ ಬೇಡ. ಬರಬೇಕೆಂದು ನಿಶ್ಚಯಿಸಿದವನು, ಬಲವುಳ್ಳವನು, ಎಷ್ಟು ತಿಂಗಳಾದರೂ ಬಂದೇ ಬರುತ್ತಾನೆ.

ಮಾರನೆಯ ದಿನ ಹತ್ತು ಮೈಲಿ ಆಚೆಯ ಬೇಲೂರಿಗೆ ಹೋದೆವು. ಯಗಚಿಯಲ್ಲಿ ಕಾಲು ತೊಳೆದು, 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆಮಾಡಿಸಿದ ಆ ದೇವಾಲಯವನ್ನು ಸುತ್ತುವಾಗ, ಪೂಜಾರಿಗಳೂ ಮಾರ್ಗದರ್ಶಿಗಳೂ ದರ್ಪಣಸುಂದರಿಯ ಬಳಿ ನಮ್ಮನ್ನು ನಿಲ್ಲಿಸಲೆಳಸಿದರೆ, ಮಾವ ತಲೆಯೆತ್ತಿ ಹುಡುಕಿದ್ದು ಶಿಲ್ಪಿಗಳ ಹೆಸರುಗಳನ್ನು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ: ಇಂದಿನ ಶಿಕಾರಿಪುರದ ಸೀಮೆಯಿಂದ ಕಾಲ್ನಡೆಯಲ್ಲಿಯೋ ಬಂಡಿಯಲ್ಲಿಯೋ ಬಂದು, ತಮ್ಮ ಹೆಸರನ್ನು ತಮ್ಮ ಊರಿನೊಡನೆ ಕಲ್ಲಿನಲ್ಲಿ ಉಳಿಸಿಹೋದ ತಂದೆಮಕ್ಕಳು. "ಕೆಲಸ ಎಲ್ಲಿದೆಯೋ ಅಲ್ಲಿಗೆ ಬಂದರು, ನನ್ನ ಹಾಗೆ" ಎಂದ ಮಾವ. "ಆದರೆ ನನ್ನ ಕೋಠಿಯ ದಫ್ತರಿನಲ್ಲಿ ನನ್ನ ಊರು ಮದರಾಸು ಅಂತ ಬರೆದಿದೆ. ಹಡಗು ಹತ್ತಿದ್ದು ಅಲ್ಲಿ ತಾನೇ." ಹಳೇಬೀಡೆಂದು ಬರೆಸಬಹುದಿತ್ತಲ್ಲವೇ ಎಂದು ನಾನು ಕೇಳಿದೆ. ಬರೆಯುವವನಿಗೆ ಆ ಊರಿನ ಕಾಗುಣಿತ ಹೇಳಿಕೊಡುವಷ್ಟು ಧೈರ್ಯ ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ಇರುವುದಿಲ್ಲವೆಂದು ಅವನು ಉತ್ತರ ಕೊಟ್ಟ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವೆಂಬ ವಾರ್ತೆಯನ್ನು ಓದಿದಾಗ, ಆ ಹೆಸರು ಈಗ ಜಗತ್ತಿನ ಯಾವ ದಫ್ತರಿನಲ್ಲಿಯೂ ತಪ್ಪಿಲ್ಲದೆ ಬರೆಯಲ್ಪಡುವುದೆಂದು ಅವನನ್ನು ನೆನೆದು ಸಂತೋಷಪಟ್ಟೆ.

ಮಾವನ ಆ ಎರಡನೆಯ ಬರವಾದ ಮೂರು ವರುಷಗಳ ತರುವಾಯ ಹಳೇಬೀಡಿನ ಅಜ್ಜಿ ತೀರಿಕೊಂಡಳು. ಬೆಳಗಿನ ಜಾವ ಪ್ರಾಣ ಹೋದರೆ, ಯಾರೋ ಹುಡುಗ ಬೈಸಿಕಲ್ಲಿನಲ್ಲಿ ಬೇಲೂರಿಗೆ ಹೋಗಿ ತಾರು ಕೊಟ್ಟು, ಅದು ಅರಸೀಕೆರೆಯ ನಮ್ಮ ಮನೆಯನ್ನು ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅಂದಿನ ಕೊನೆಯ ಬಸ್ಸು ಹೊರಟುಹೋಗಿತ್ತು. ತಾಯಿ ಮಾರನೆಯ ದಿನ ಮುಟ್ಟಿದಾಗ ಸಂಸ್ಕಾರವಾಗಿಹೋಗಿತ್ತು. "ಬಸ್ಸು ತಪ್ಪಿತು" ಎಂಬುದೇ ನಮ್ಮ ಮನೆಯ ಇತಿಹಾಸದಲ್ಲಿ ಆ ಘಟನೆಗೆ ಕೊಟ್ಟ ಕಾರಣವಾಗಿ ನಿಂತಿತು. ನಾನೂ ಬಹುಕಾಲ ಅದನ್ನೇ ಹೇಳಿಕೊಂಡು ಬಂದೆ. ಆದರೆ ಊರಿನಲ್ಲಿ ಬಾಡಿಗೆಯ ಕಾರು ಒಂದೆರಡು ಇದ್ದುವು. ಅದರ ಬಾಡಿಗೆ ತಂದೆಯವರ ಅರ್ಧ ತಿಂಗಳ ಸಂಬಳವನ್ನು ನುಂಗುತ್ತಿತ್ತೆಂಬುದು ನಿಜ. ಹೊತ್ತು ಮುಳುಗುವ ಸಮಯದಲ್ಲಿ ಹೆಂಗಸನ್ನು ಹೊರಡಿಸುವುದು ಮನೆಗೆ ಲಕ್ಷಣವಲ್ಲವೆಂದು ಹಿರಿಯರು ತೀರ್ಮಾನಿಸಿದರೆಂಬುದೂ ನಿಜ. ತಾಯಿಯ ಮೈದುನನ ಉಪನಯನಕ್ಕಾಗಿ ಇದಕ್ಕೂ ಹೆಚ್ಚಿನ ಹಣ ಅದೇ ವರುಷ ಸಾಲವಾಗಿ ದೊರೆತಿತ್ತು. ತಂದೆಯವರನ್ನು ನಾನು ಪ್ರೀತಿಸಿದವನು, ಇಂದಿಗೂ ಗೌರವಿಸುವವನು. ಆದರೂ ಆ ಮಧ್ಯಾಹ್ನ ನಮ್ಮ ತಾಯಿಯನ್ನು ತಡೆದುದು ಇಪ್ಪತ್ತೈದು ಮೈಲಿಗಳ ದಾರಿಯೆಂದು ಹೇಳಲು ಈ ವಯಸ್ಸಿನಲ್ಲಿ ನನಗೆ ಮನಸ್ಸು ಒಪ್ಪದು. ಸಿಂಗಪುರದ ಮಾವನಿಗೆ ಸುದ್ದಿ ತಲುಪಿದ್ದು ಕಾಗದದ ಮೂಲಕ, ವಾರಗಳ ನಂತರ. ಎರಡು ಸಾವಿರ ಮೈಲಿ ಆಚೆಯ ಮಗನೂ ಇಪ್ಪತ್ತೈದು ಮೈಲಿ ಆಚೆಯ ಮಗಳೂ ತಾಯಿಯ ಮುಖವನ್ನು ಕೊನೆಯಲ್ಲಿ ಕಾಣದೆ ಹೋದ ಮಟ್ಟಿಗೆ ಸಮಾನರಾದರು.

ಮಾವ ಅಲ್ಲಿಯೇ ತೀರಿಕೊಂಡ. ತಾಯಿ ವಿಮಾನವನ್ನು ಹತ್ತಿದವಳಲ್ಲ. ಆಕಾಶದಲ್ಲಿ ಅದರ ಸದ್ದಾದರೆ ಅಂಗಳಕ್ಕೆ ಬಂದು ನೋಡುತ್ತಿದ್ದಳು, ಅಷ್ಟೇ. ನನ್ನ ಮಗಳು ಓದಿ, ಕೆಲಸ ಹಿಡಿದು, ಸಿಂಗಪುರಕ್ಕೆ ಹೊರಟಾಗ ಪಂಚಗವ್ಯದ ಪ್ರಸ್ತಾಪ ಮನೆಯಲ್ಲಿ ಬರಲಿಲ್ಲ. ಬಂದದ್ದು ಉಪ್ಪಿನಕಾಯಿಯ ಭರಣಿ ಎಷ್ಟು ಕಿಲೋ ತೂಗುವುದೆಂಬ ಪ್ರಶ್ನೆ. ಸಿಂಗಪುರದ ಗಡಿಯಾರ 1982ರಿಂದೀಚೆಗೆ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುವುದರಿಂದ, ರಾತ್ರಿ ಇಲ್ಲಿ ಹತ್ತಿದವರು ಅಲ್ಲಿ ಬೆಳಗಿನ ಕಾಫಿಗೆ ಇಳಿಯುತ್ತಾರೆ. 2008ರಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದ ಮೇಲೆ ಈ ಹೋಗಿಬರುವಿಕೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಸುದ್ದಿಯಾಗುವುದನ್ನೇ ಬಿಟ್ಟಿತು. ಹಿಂದೆ ಒಮ್ಮೆ ನನ್ನ ಪತ್ನಿಗೆ ಕಾಯಿಲೆ ಉಲ್ಬಣಿಸಿದಾಗ, ಮಗಳು ಸಾಯಂಕಾಲ ಫೋನಿನಲ್ಲಿ ಸುದ್ದಿ ಕೇಳಿದವಳು ಮರುದಿನ ಬೆಳಗಿನ ತಿಂಡಿಯ ಹೊತ್ತಿಗೆ ಹಾಸನದ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿದ್ದಳು. ನಮ್ಮ ತಾಯಿ ಇಪ್ಪತ್ತೈದು ಮೈಲಿಗಳನ್ನು ದಾಟುವುದಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಿದ್ದಳು.

ಹೀಗೆ ದೂರವೆಂಬುದು ಅಳಿದೇಹೋಯಿತೆಂದು ನಾವು ನಿಶ್ಚಿಂತರಾಗಿದ್ದಾಗ 2020ರ ಮಾರ್ಚ್ 23ರಿಂದ ದೇಶಕ್ಕೆ ಬರುವ ಪರದೇಶದ ನಿಯತ ವಿಮಾನಸಂಚಾರವೆಲ್ಲವೂ ನಿಂತುಹೋಯಿತು. ಅದು ಮೊದಲಿನಂತೆ ತೆರೆದದ್ದು 2022ರ ಮಾರ್ಚಿ ತಿಂಗಳ ಕೊನೆಯಲ್ಲಿ. ನಡುವೆ ವಿಶೇಷ ವಿಮಾನಗಳಿದ್ದುವು; ಆದರೆ ಅವುಗಳಲ್ಲಿ ಸ್ಥಳ, ಅನುಮತಿಪತ್ರ, ಬಂದಿಳಿದ ಮೇಲಣ ಏಕಾಂತವಾಸ, ಹಿಂದಿರುಗಿದರೆ ಅಲ್ಲಿಯ ಏಕಾಂತವಾಸ, ಕೆಲಸದ ರಜೆ, ಇವಷ್ಟನ್ನೂ ಹೊಂದಿಸಿಕೊಳ್ಳಲಾಗದೆ ಮಗಳು ಬರಲಿಲ್ಲ. ಆ ಎರಡು ವರುಷಗಳಲ್ಲಿ ಸಿಂಗಪುರಕ್ಕೂ ಬೆಂಗಳೂರಿಗೂ ನಡುವಣ ಅಂತರ ಅದೇ 3,200 ಕಿಲೋಮೀಟರಾಗಿತ್ತು. ಹಳೇಬೀಡಿನ ಅಜ್ಜಿ ಮೂರೂವರೆ ವರುಷ ಕಾದಳೆಂಬ ಕಥೆಯನ್ನು ಬಾಲ್ಯದಿಂದ ಕೇಳಿದ್ದ ನಾನು, ಆ ಕಥೆಯ ಒಂದು ಅಂಶವನ್ನಾದರೂ ಮೈಮೇಲೆ ಅನುಭವಿಸಿದೆ. ನನಗೆ ದಿನಕ್ಕೊಮ್ಮೆ ಮಗಳ ಮುಖ ಫೋನಿನಲ್ಲಿ ಕಾಣಸಿಗುತ್ತಿತ್ತು. ಅಜ್ಜಿಗಾದರೋ ಮಗನು ಉಳಿದಿರುವನೋ ಇಲ್ಲವೋ ಎಂಬುದೂ ತಿಳಿದಿರಲಿಲ್ಲ. ಆದ್ದರಿಂದ ನನ್ನ ಸಂಕಟವನ್ನು ಅವಳ ಸಂಕಟದ ಪಕ್ಕದಲ್ಲಿ ಇಡುವುದಕ್ಕೆ ಸಂಕೋಚವಾಗುತ್ತದೆ.

ನಿಧಾನದ ಕಾಲವನ್ನು ಹೊಗಳಿ ಬರೆಯುವುದು ನನ್ನ ವಯಸ್ಸಿನವರಿಗೆ ಸುಲಭವಾದ ವ್ಯಾಪಾರ. ವೇಗದಿಂದ ನಾವು ಕಳೆದುಕೊಂಡದ್ದು ಇಲ್ಲವೆಂದು ನಾನು ಹೇಳಲಾರೆ. ಅರಸೀಕೆರೆಯಲ್ಲಿ ಇಂದು ಕೆಲವು ಗಾಡಿಗಳು ನಿಲ್ಲದೆಯೇ ಹೋಗುತ್ತವೆ. ನಿಂತರೂ ಒಂದೆರಡು ನಿಮಿಷ. ಗುಡಿಯವರೆಗೆ ನಡೆದುಹೋಗಿ ಬರುವ ಪ್ರಯಾಣಿಕ ಈಗಿಲ್ಲ. ಜಾವಗಲ್ಲಿನಲ್ಲಿ ಯಾರ ಮಗಳ ನಿಶ್ಚಿತಾರ್ಥವಾಯಿತೆಂಬುದು ಕಾರಿನ ಗಾಜಿನೊಳಗಿಂದ ತಿಳಿಯುವುದಿಲ್ಲ. ಪ್ರಯಾಣವೆಂಬುದು ಆ ಕಾಲದಲ್ಲಿ ಬದುಕಿನ ಒಂದು ಭಾಗವಾಗಿದ್ದು, ಈಗ ಅದರಿಂದ ಕಳೆದುಹಾಕಬೇಕಾದ ಹೊತ್ತಾಗಿದೆ. ಇದು ನಷ್ಟವೇ ಸರಿ. ಆದರೆ ಈ ನಷ್ಟವನ್ನು ಎಣಿಸುವವರು, ಆ ನಿಧಾನದ ಬೆಲೆಯನ್ನು ತೆತ್ತವರಾರು ಎಂಬ ಲೆಕ್ಕವನ್ನೂ ಅದರ ಪಕ್ಕದಲ್ಲಿಯೇ ಬರೆಯಬೇಕು. ಕಾಯುವುದು ಒಂದು ಸದ್ಗುಣವೆಂದು ಉಪದೇಶ ಮಾಡಿದವರಲ್ಲಿ ಬಹುಮಂದಿ ತಾವು ಬೇಕೆಂದಾಗ ಹೊರಡಬಲ್ಲವರಾಗಿದ್ದರು.

ದೇವನಹಳ್ಳಿಯಿಂದ ಹಳೇಬೀಡಿನವರೆಗಿನ ದಾರಿ ಇನ್ನೂ ನಾಲ್ಕೂವರೆ ಗಂಟೆ ಹಿಡಿಯುತ್ತಿರುವುದು ರಸ್ತೆಯವರಿಗೂ ರೈಲಿನವರಿಗೂ ಸೇರಿದ ವಿಷಯ. ಮೊಮ್ಮಗಳು ದೊಡ್ಡವಳಾಗುವಷ್ಟರಲ್ಲಿ ಅದೂ ಕಡಮೆಯಾದೀತು. ನನ್ನ ಮಟ್ಟಿಗೆ ಹೇಳುವುದಾದರೆ, ನಾಲ್ಕೂವರೆ ಗಂಟೆಯ ವಿಮಾನಕ್ಕಿಂತಲೂ ದೊಡ್ಡ ಬದಲಾವಣೆಯಾಗಿ ನನಗೆ ತೋರುವುದು, ನನ್ನ ಮಗಳು ತನ್ನ ಸಂಬಳದಿಂದ ಟಿಕೆಟ್ಟು ಕೊಂಡು, ಬರುತ್ತೇನೆಂದು ತಿಳಿಸಿದಳೇ ಹೊರತು, ಬರಲೇ ಎಂದು ಯಾರನ್ನೂ ಕೇಳಲಿಲ್ಲವೆಂಬುದು. ಈ ಕ್ಷಣಕ್ಕೂ ನಮ್ಮ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಇಪ್ಪತ್ತೈದು ಮೈಲಿ ಆಚೆಯ ತವರಿಗೆ ಹೋಗುವುದಕ್ಕೆ ಹಪ್ಪಳದ ಕೆಲಸ ಮುಗಿಯಲೆಂದು ಕಾಯುತ್ತಿರುವವರಿದ್ದಾರೆ. ಅವರ ಮನೆಯ ಬಾಗಿಲಿನಿಂದ ದಿನಕ್ಕೆ ಹತ್ತಾರು ಬಸ್ಸುಗಳು ಹೊರಡುತ್ತವೆ. ಆ ಮನೆಗಳ ಗಂಡಸರು ಊರಿನಿಂದ ಊರಿಗೆ ಎಷ್ಟು ಗಂಟೆ ಎಂದು ಕೇಳಿಕೊಳ್ಳುವುದಕ್ಕೆ ಮೊದಲು, ತಮ್ಮ ಮನೆಯವಳು ಕಡೆಯ ಸಲ ತವರಿಗೆ ಹೋದದ್ದು ಯಾವಾಗ ಎಂದು ಅವಳನ್ನೇ ಕೇಳಿ ತಿಳಿದುಕೊಳ್ಳುವುದು ಉಚಿತ.